ಸಾರ್ಸರರ್ ರಿಪೇರಿ: ಆರು ಮಂತ್ರ ಸಾಲದೇ ಹೋದಾಗ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಟೇಬಲ್ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ. ಅದರ ಐದನೇ ಆವೃತ್ತಿಯಲ್ಲಿ, ಅಂದರೆ 2014ರ ನಿಯಮಗಳಲ್ಲಿ, ಲೆವೆಲ್ 5ಕ್ಕೆ ಬಂದ ಸಾರ್ಸರರ್‌ಗೆ (ರಕ್ತದಲ್ಲೇ ಮಂತ್ರಶಕ್ತಿ ಇರುವ ಪಾತ್ರಕ್ಕೆ) ಗೊತ್ತಿರುವುದು 6 ಮಂತ್ರ. ಕ್ಯಾಂಟ್ರಿಪ್‌ಗಳನ್ನು (ಎಷ್ಟು ಸಲ ಬೇಕಾದರೂ ಹಾಕಬಹುದಾದ ಸಣ್ಣ ಮಂತ್ರಗಳನ್ನು) ಬಿಟ್ಟು ಅಷ್ಟೇ. ಅದೇ ಲೆವೆಲ್ಲಿನ ವಿಝರ್ಡ್‌ಗೆ (ಪುಸ್ತಕದಿಂದ ಮಂತ್ರ ಕಲಿಯುವವನಿಗೆ) ಇಂಟೆಲಿಜೆನ್ಸ್ ಅಂಕ 18 ಇದ್ದರೆ ದಿನಕ್ಕೆ 9 ಮಂತ್ರ ಸಿದ್ಧ ಮಾಡಿಕೊಳ್ಳಬಹುದು. ಅವನ ಪುಸ್ತಕದಲ್ಲಿ ಕಡಿಮೆ ಅಂದರೂ 14 ಮಂತ್ರ ಇರುತ್ತವೆ. ಇವತ್ತಿನ ಒಂಬತ್ತು ಕೆಲಸಕ್ಕೆ ಬರಲಿಲ್ಲ ಅಂದರೆ ನಾಳೆ ಬೇರೆ ಒಂಬತ್ತು. ನಾನು ಡಿಎಂ (ಡಂಜನ್ ಮಾಸ್ಟರ್, ಕಥೆ ನಡೆಸಿ ತೀರ್ಪು ಕೊಡುವವನು) ಆಗಿ ನಡೆಸುವ ಆಟದಲ್ಲಿ ಇಬ್ಬರೂ ಒಂದೇ ಟೇಬಲ್ಲಿಗೆ ಕೂರುತ್ತಿದ್ದರು. ಹಾಗಾಗಿ ಈ ವ್ಯತ್ಯಾಸ ಎಲ್ಲರ ಕಣ್ಣಿಗೂ ಬೀಳುತ್ತಿತ್ತು.

ಸಾರ್ಸರರ್ ಆಡುತ್ತಿದ್ದ ಗೆಳತಿ ಡ್ರ್ಯಾಗನ್ ವಂಶದ ಪಾತ್ರ ಮಾಡಿಕೊಂಡಿದ್ದಳು. ಅವಳ ಆರು ಮಂತ್ರಗಳು: ಶೀಲ್ಡ್, ಬರ್ನಿಂಗ್ ಹ್ಯಾಂಡ್ಸ್, ಮಿಸ್ಟಿ ಸ್ಟೆಪ್ (ಕಣ್ಣಿಗೆ ಕಾಣುವ ಜಾಗಕ್ಕೆ ಕ್ಷಣದಲ್ಲಿ ಹೋಗಿ ನಿಲ್ಲುವುದು), ಸ್ಕಾರ್ಚಿಂಗ್ ರೇ, ಫೈರ್‌ಬಾಲ್, ಹೇಸ್ಟ್ (ಒಬ್ಬರ ವೇಗ ಹೆಚ್ಚಿಸುವುದು). ಒಂದೊಂದನ್ನೂ ನೋಡಿದರೆ ಒಳ್ಳೆಯ ಆಯ್ಕೆಯೇ. ಒಟ್ಟಿಗೆ ನೋಡಿದರೆ ಮಾತ್ರ ಸಮಸ್ಯೆ ಗೊತ್ತಾಗುತ್ತದೆ. ಮಿಸ್ಟಿ ಸ್ಟೆಪ್ ಒಂದನ್ನು ಬಿಟ್ಟರೆ ಎಲ್ಲವೂ ಜಗಳಕ್ಕೇ. ಒಂದು ಸಲ ಪಾರ್ಟಿಗೆ, ಅಂದರೆ ಎಲ್ಲರ ಪಾತ್ರಗಳ ತಂಡಕ್ಕೆ, ಹಳೆಯ ಗ್ರಂಥಾಲಯದ ಬಾಗಿಲು ಎದುರಾಯಿತು. ಬಾಗಿಲ ಮೇಲೆ ಯಾರಿಗೂ ಗೊತ್ತಿಲ್ಲದ ಲಿಪಿ. ವಿಝರ್ಡ್ ಆಡುವ ಗೆಳೆಯ ಆರಾಮಾಗಿ ಕೂತು ಕಾಂಪ್ರಿಹೆಂಡ್ ಲಾಂಗ್ವೇಜಸ್ ಅನ್ನು ರಿಚುವಲ್ ಆಗಿ ಹಾಕಿದ. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಆದರೆ ಸ್ಲಾಟ್, ಅಂದರೆ ದಿನಕ್ಕೆ ಇಷ್ಟೇ ಅಂತ ಇರುವ ಮಂತ್ರ ಹಾಕುವ ಅವಕಾಶ, ಖರ್ಚಾಗುವುದಿಲ್ಲ. ಆಮೇಲೆ ಡಿಟೆಕ್ಟ್ ಮ್ಯಾಜಿಕ್, ಅದೂ ರಿಚುವಲ್. ರೋಗ್ (ಕಳ್ಳನ ಕೈಚಳಕ ಇರುವ ಪಾತ್ರ) ಬೀಗ ತೆಗೆದ. ಅಷ್ಟು ಹೊತ್ತೂ ನಮ್ಮ ಸಾರ್ಸರರ್ ತನ್ನ ಡಿ6 (ಆರು ಮುಖದ) ದಾಳಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಕೂತಿದ್ದಳು. ಎಂಟು ದಾಳದ ಗೋಪುರ. ಫೈರ್‌ಬಾಲ್‌ಗೆ ಬೇಕಾದಷ್ಟು.

ಟೇಬಲ್ಲಿನಲ್ಲಿ ಎಲ್ಲರದ್ದೂ ಒಂದೇ ಸಲಹೆ: “ಸಾರ್ಸರರ್ ವೀಕು, ಡ್ಯಾಮೇಜ್ ಜಾಸ್ತಿ ಮಾಡಿಬಿಡು.” ಡ್ಯಾಮೇಜ್ ಜಾಸ್ತಿ ಮಾಡುವುದು ಸುಲಭ. ಒಂದು ದಾಳ ಸೇರಿಸಿದರೆ ಆಯ್ತು. ಆದರೆ ಅದಕ್ಕೆ ಮುಂಚೆ ಲೆಕ್ಕ ನೋಡೋಣ ಅಂತ ನೋಟ್‌ಬುಕ್ಕಿನಲ್ಲಿ ಒಂದೊಂದು ಕಾಳಗದಲ್ಲಿ ಯಾರು ಎಷ್ಟು ಹೊಡೆದರು ಅಂತ ಬರೆಯುತ್ತಾ ಹೋದೆ. ಅವಳ ಹೆಸರು ಮೇಲೇ ಇರುತ್ತಿತ್ತು. ಇರಲೇಬೇಕಲ್ಲ? ಫೈರ್‌ಬಾಲ್ ಯಾರು ಹಾಕಿದರೂ 8ಡಿ6, ಸರಾಸರಿ 28. ಮೇಲಿಂದ ಅವಳಿಗೆ ಕ್ವಿಕನ್ಡ್ ಇದೆ. ಅದು ಸಾರ್ಸರಿ ಪಾಯಿಂಟ್ ಕೊಟ್ಟು ಮಂತ್ರವನ್ನು ಬೇರೆ ರೀತಿ ಹಾಕುವ ಮೆಟಾಮ್ಯಾಜಿಕ್‌ಗಳಲ್ಲಿ ಒಂದು. 2 ಪಾಯಿಂಟ್ ಕೊಟ್ಟು ಫೈರ್‌ಬಾಲ್ ಅನ್ನು ಸರದಿಯ ಹೆಚ್ಚುವರಿ ಬೋನಸ್ ಆ್ಯಕ್ಷನ್‌ನಲ್ಲಿ ಮುಗಿಸಿ, ಉಳಿದ ಆ್ಯಕ್ಷನ್‌ನಲ್ಲಿ ಫೈರ್ ಬೋಲ್ಟ್ ಅನ್ನುವ ಕ್ಯಾಂಟ್ರಿಪ್ ಹಾಕುತ್ತಿದ್ದಳು. ಅದು ಲೆವೆಲ್ 5ರಲ್ಲಿ 2ಡಿ10, ಅಂದರೆ ಸರಾಸರಿ ಇನ್ನೊಂದು 11. ಲೆವೆಲ್ 6ಕ್ಕೆ ಹೋದರೆ ಡ್ರ್ಯಾಗನ್ ವಂಶದವರಿಗೆ ತಮ್ಮ ಬೆಂಕಿಗೆ ಕ್ಯಾರಿಸ್ಮಾ ಬೋನಸ್ಸೂ ಸೇರುತ್ತದೆ. ಹೊಡೆಯುವುದರಲ್ಲಿ ಕೊರತೆ ಇರಲಿಲ್ಲ. ಕಾಳಗ ಮುಗಿದ ಮೇಲಿನ ಆಟದಲ್ಲಿ ಮಾತ್ರ ನೋಟ್‌ಬುಕ್ಕಿನಲ್ಲಿ ಅವಳ ಹೆಸರೇ ಕಾಣುತ್ತಿರಲಿಲ್ಲ. ಕೊರತೆ ಇದ್ದದ್ದು ಅಲ್ಲಿ.

ಇದು ಹೇಗೆ ಆಯಿತು ಅಂತ ಹಿಂದಕ್ಕೆ ಹೋಗಿ ನೋಡಿದರೆ ಕಾರಣ ಸಿಗುತ್ತದೆ. ಸಾರ್ಸರರ್ ಮೂಲ ನಿಯಮಪುಸ್ತಕಕ್ಕೆ ಕ್ಲಾಸ್ (ಪಾತ್ರದ ಬಗೆ) ಆಗಿ ಬಂದದ್ದು 2000ದಲ್ಲಿ, ಮೂರನೇ ಆವೃತ್ತಿಯೊಂದಿಗೆ. ಆಗ ವಿಝರ್ಡ್ ಬೆಳಿಗ್ಗೆಯೇ ಒಂದೊಂದು ಸ್ಲಾಟ್‌ಗೂ ಒಂದೊಂದು ಮಂತ್ರ ಗೊತ್ತು ಮಾಡಬೇಕಿತ್ತು. ಎರಡು ಫೈರ್‌ಬಾಲ್ ಬೇಕೆಂದರೆ ಎರಡು ಸ್ಲಾಟ್‌ನಲ್ಲಿ ಎರಡು ಸಲ ತುಂಬಿಕೊಳ್ಳಬೇಕು. ಸಾರ್ಸರರ್‌ಗೆ ಗೊತ್ತಿರುವ ಮಂತ್ರ ಕಡಿಮೆ, ಆದರೆ ಯಾವ ಸ್ಲಾಟ್‌ನಲ್ಲಿ ಅದಕ್ಕೆ ಹಿಡಿಸುವ ಯಾವುದನ್ನು ಬೇಕಾದರೂ ಆ ಕ್ಷಣದಲ್ಲೇ ಹಾಕಬಹುದಿತ್ತು. ದಿನಕ್ಕೆ ಹಾಕುವ ಮಂತ್ರಗಳ ಸಂಖ್ಯೆಯೂ ವಿಝರ್ಡ್‌ಗಿಂತ ಜಾಸ್ತಿ. ಕೊಟ್ಟದ್ದಕ್ಕೂ ಕಿತ್ತುಕೊಂಡದ್ದಕ್ಕೂ ಸರಿಹೋಗುತ್ತಿತ್ತು. ಐದನೇ ಆವೃತ್ತಿಯಲ್ಲಿ ಆ ಸಲೀಸನ್ನು ವಿಝರ್ಡ್‌ಗೂ ಕೊಟ್ಟರು. ಸಿದ್ಧ ಮಾಡಿಕೊಂಡ ಯಾವ ಮಂತ್ರವನ್ನಾದರೂ ಅದಕ್ಕೆ ಸಾಲುವ ಯಾವ ಸ್ಲಾಟ್‌ನಲ್ಲಾದರೂ ಹಾಕು ಅಂದರು. ಸ್ಲಾಟ್‌ಗಳೂ ಇಬ್ಬರಿಗೂ ಒಂದೇ ಲೆಕ್ಕಕ್ಕೆ ಬಂದವು. ಸಾರ್ಸರರ್‌ಗೆ ಉಳಿದದ್ದು “ಕಡಿಮೆ ಮಂತ್ರ” ಅನ್ನುವ ಶಿಕ್ಷೆ ಮಾತ್ರ. ಅದರ ಬದಲಿಗೆ ಮೆಟಾಮ್ಯಾಜಿಕ್ ಅನ್ನು ಅವರಿಗೇ ಮೀಸಲಿಟ್ಟರು. ಹಾಗಾದರೆ ಎಲ್ಲವೂ ನಿಂತಿರುವುದು ಮೆಟಾಮ್ಯಾಜಿಕ್‌ನ ಪಾಯಿಂಟ್‌ಗಳ ಮೇಲೆ ಅಂತಾಯಿತು.

ಆ ಪಾಯಿಂಟ್‌ಗಳ ಗತಿ ನೋಡಿ. ಲೆವೆಲ್ 5ರಲ್ಲಿ ದಿನಕ್ಕೆ 5. ಹೇಸ್ಟ್ ಅನ್ನು ಟ್ವಿನ್ ಮಾಡಿ ಇಬ್ಬರ ಮೇಲೆ ಹಾಕಿದರೆ 3 ಹೋಯಿತು. ಉಳಿದ 2ರಲ್ಲಿ ಒಂದು ಕ್ವಿಕನ್ಡ್. ದಿನ ಮುಗಿಯಿತು. ಪಾಯಿಂಟ್ ಕೊಟ್ಟು ಸ್ಲಾಟ್ ಮಾಡಿಕೊಳ್ಳಬಹುದು, ಸ್ಲಾಟ್ ಒಡೆದು ಪಾಯಿಂಟ್ ಮಾಡಿಕೊಳ್ಳಬಹುದು. ಆದರೆ ಇದು ನೋಟು ಮುರಿಸುವವನು ಎರಡೂ ಕಡೆ ಕಮಿಷನ್ ಹಿಡಿದ ಹಾಗೆ. ಮಂತ್ರಗಳಿಗೂ ಸ್ಲಾಟ್‌ಗಳಿಗೂ ಪಾತ್ರದ ಲೆವೆಲ್‌ನಿಂದ ಬೇರೆಯಾದ ತಮ್ಮದೇ ಲೆವೆಲ್ ಇದೆ, ಫೈರ್‌ಬಾಲ್ ಮೂರನೆಯದ್ದು. ಮೂರನೇ ಲೆವೆಲ್ಲಿನ ಸ್ಲಾಟ್ ಒಡೆದರೆ ಸಿಗುವುದು 3 ಪಾಯಿಂಟ್, ಅದನ್ನೇ ವಾಪಸ್ ಮಾಡಿಕೊಳ್ಳಬೇಕೆಂದರೆ 5. ನನಗೆ ನಿಜವಾಗಿ ಬೇಜಾರಾದದ್ದು ಇನ್ನೊಂದು ಲೆಕ್ಕ ನೋಡಿ. ವಿಝರ್ಡ್‌ಗೆ ಆರ್ಕೇನ್ ರಿಕವರಿ ಅಂತ ಒಂದಿದೆ. ದಿನಕ್ಕೊಮ್ಮೆ, ಒಂದು ಶಾರ್ಟ್ ರೆಸ್ಟ್ (ಆಟದೊಳಗಿನ ಚಿಕ್ಕ ವಿಶ್ರಾಂತಿ) ಆದ ಮೇಲೆ, ಲೆವೆಲ್‌ಗಳ ಮೊತ್ತ ತನ್ನ ಲೆವೆಲ್ಲಿನ ಅರ್ಧದಷ್ಟಾಗುವ ಸ್ಲಾಟ್ ವಾಪಸ್ ಪಡೆಯುತ್ತಾನೆ. ಅರ್ಧವನ್ನು ಮೇಲಕ್ಕೆ ಸೇರಿಸಿ ಲೆಕ್ಕ ಹಾಕುತ್ತಾರೆ, ಹಾಗಾಗಿ ಲೆವೆಲ್ 5ರಲ್ಲಿ ಮೂರನೇ ಲೆವೆಲ್ಲಿನ ಒಂದು ಸ್ಲಾಟ್ ಪುಕ್ಕಟೆ. ಸಾರ್ಸರರ್ ಅದೇ ಒಂದು ಸ್ಲಾಟ್‌ಗೆ ತನ್ನ ಇಡೀ ದಿನದ 5 ಪಾಯಿಂಟ್ ಸುರಿಯಬೇಕು. ಅವಳ ವಿಶೇಷ ಶಕ್ತಿ ಏನಿದೆಯೋ ಅದು ಪೂರ್ತಿ ವಿಝರ್ಡ್‌ನ ಒಂದು ಸಣ್ಣ ಸೌಲಭ್ಯಕ್ಕೆ ಸಮ!

ಅವಳನ್ನೇ ಕೂರಿಸಿಕೊಂಡು ಕೇಳಿದೆ. ಏನು ಬದಲಾಯಿಸಿದರೆ ಚೆನ್ನ?

“ನಂಗೆ ಇನ್ನೂ ಜಾಸ್ತಿ ಬೆಂಕಿ ಬೇಡ ಕಣೋ. ಜಗಳ ಇಲ್ಲದಾಗ್ಲೂ ನಂಗೇನಾದ್ರೂ ಕೆಲಸ ಇರ್ಲಿ,” ಅಂದಳು. ಇನ್ನೂ ಒಂದು ಮಾತು ಹೇಳಿದಳು. ಹೊಸ ಮಂತ್ರ ಆರಿಸುವಾಗ ಅವಳಿಗೆ ಭಯವಂತೆ. ಲೆವೆಲ್ ಏರಿದಾಗ ಒಂದನ್ನು ಮಾತ್ರ ಬದಲಾಯಿಸಲು ಅವಕಾಶ. ಮಜಾ ಇರುವ ಒಂದು ಮಂತ್ರ ತಗೊಂಡು, ಅದು ಉಪಯೋಗಕ್ಕೆ ಬರದಿದ್ದರೆ ಮುಂದಿನ ಲೆವೆಲ್‌ವರೆಗೂ ಅದನ್ನೇ ಹೊತ್ತು ತಿರುಗಬೇಕು. ಅದಕ್ಕೇ ಪ್ರತಿ ಸಲ ಫೈರ್‌ಬಾಲ್ ತರಹದ್ದೇ ಕೈಗೆ ಬರುತ್ತದೆ. ನಿಯಮವೇ ಆಟಗಾರರನ್ನು ಬೋರಿಂಗ್ ಆಯ್ಕೆಯ ಕಡೆ ತಳ್ಳುತ್ತಿದೆ ಅಂತ ನನಗೆ ಆಗ ಹೊಳೆಯಿತು.

ಮೊದಲು ಪ್ರಯೋಗ ಮಾಡಿದ್ದು ಸ್ಪೆಲ್ ಪಾಯಿಂಟ್. ಇದು ನನ್ನ ಕಲ್ಪನೆಯೇನಲ್ಲ. 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲೇ ಇರುವ ಐಚ್ಛಿಕ ನಿಯಮ. ಸ್ಲಾಟ್ ಪೂರ್ತಿ ತೆಗೆದುಹಾಕಿ, ಬದಲಿಗೆ ಪಾಯಿಂಟ್ ಕೊಡುತ್ತಾರೆ. ಲೆವೆಲ್ 5ಕ್ಕೆ 27. ಮೂರನೇ ಲೆವೆಲ್ಲಿನ ಮಂತ್ರಕ್ಕೆ 5 ಪಾಯಿಂಟ್ ಖರ್ಚು. ಇದಕ್ಕೆ ಸಾರ್ಸರಿ ಪಾಯಿಂಟ್ 5 ಸೇರಿಸಿ ಎಲ್ಲವನ್ನೂ ಒಂದೇ ಖಾತೆ ಮಾಡೋಣ ಅನ್ನುವುದು ತುಂಬಾ ಜನ ಆಟಗಾರರ ಆಸೆ. ಕೇಳಲು ಚೆನ್ನಾಗಿಯೇ ಇದೆ. ಒಂದು ಉತ್ತುತ್ತು ಕಾಳಗ ಇಟ್ಟೆವು, ಕಥೆಗೆ ಸಂಬಂಧವಿಲ್ಲದ್ದು. ಎದುರಿಗೆ ಓಗರ್‌ಗಳ ಒಂದು ಗುಂಪು, ಒಂದೊಂದು ದೈತ್ಯಕ್ಕೂ 59 ಹಿಟ್ ಪಾಯಿಂಟ್, ಅಂದರೆ ಅಷ್ಟು ಏಟು ತಡೆಯುವ ಪ್ರಾಣ. ಮೊದಲ ರೌಂಡ್ ಫೈರ್‌ಬಾಲ್. ಎರಡನೇ ರೌಂಡ್ ಫೈರ್‌ಬಾಲ್. ಓಗರ್‌ಗಳು ಸುಟ್ಟು ಕರಕಲಾಗಿ, ಉಸಿರು ಮಾತ್ರ ಉಳಿಸಿಕೊಂಡು ನಿಂತವು. ಮೂರನೇ ರೌಂಡ್ ಮತ್ತೆ ಫೈರ್‌ಬಾಲ್. ಮಾಮೂಲಿ ನಿಯಮದಲ್ಲಿ ಅವಳಿಗೆ ಮೂರನೇ ಲೆವೆಲ್ಲಿನ ಎರಡೇ ಸ್ಲಾಟ್, ಎಲ್ಲ ಪಾಯಿಂಟ್ ಸುರಿದರೆ ಮೂರು. ಇಲ್ಲಿ 32 ಪಾಯಿಂಟ್‌ಗೆ ಆರು. ಫೈಟರ್ ಆಡುವವನು ಕತ್ತಿ ಎತ್ತುವ ಹೊತ್ತಿಗೆ ಹೊಡೆಯಲು ಏನೂ ಉಳಿದಿರಲಿಲ್ಲ. “ಇದು ಬೇಡ,” ಅಂತ ಮೊದಲು ಹೇಳಿದವಳು ಅವಳೇ. ಮಂತ್ರಗಳು ಅದೇ ಆರು, ಹಾಕುವುದು ಮಾತ್ರ ಜಾಸ್ತಿ. ಬೋರು ಇಮ್ಮಡಿ.

ವಿಝರ್ಡ್ ತರಹ ದಿನಾ ಬೆಳಿಗ್ಗೆ ಮಂತ್ರ ಬದಲಾಯಿಸಿಕೊಳ್ಳಲಿ ಅನ್ನುವುದನ್ನು ನಾನು ಆಟಕ್ಕೇ ತರಲಿಲ್ಲ. ರಕ್ತದಲ್ಲೇ ಮಂತ್ರ ಇರುವವಳು ದಿನಾ ಪಟ್ಟಿ ನೋಡಿ ಆರಿಸಿಕೊಂಡರೆ ಅವಳೂ ಇನ್ನೊಬ್ಬ ವಿಝರ್ಡೇ. ಆಗ ಎರಡು ಕ್ಲಾಸ್ ಯಾಕೆ ಬೇಕು?

ಉಳಿದ ದಾರಿ ಅಂದರೆ ವಂಶಕ್ಕೆ ತಕ್ಕ ಹೆಚ್ಚುವರಿ ಮಂತ್ರ. 2020ರಲ್ಲಿ ಬಂದ ಟಾಶಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್ ಪುಸ್ತಕದಲ್ಲಿ ಅಬೆರಂಟ್ ಮೈಂಡ್, ಕ್ಲಾಕ್‌ವರ್ಕ್ ಸೋಲ್ ಅನ್ನುವ ಎರಡು ಹೊಸ ಬಗೆಯ ಸಾರ್ಸರರ್ ಬಂದವು. ಎರಡಕ್ಕೂ ಒಂದರಿಂದ ಐದನೇ ಮಂತ್ರ-ಲೆವೆಲ್‌ವರೆಗೆ ಎರಡೆರಡರಂತೆ 10 ಮಂತ್ರ ಜಾಸ್ತಿ. ಹಳೆಯ ಡ್ರ್ಯಾಗನ್ ವಂಶಕ್ಕೆ ಏನೂ ಇಲ್ಲ. ಹೊಸಬರಿಗೆ ಹಬ್ಬ, ಹಳಬರಿಗೆ ಉಪವಾಸ. ಅದೇ ಅಳತೆಯಲ್ಲಿ ಅವಳಿಗೂ ಕೊಡೋಣ ಅಂತ ಹೊರಟಾಗ ವಿಝರ್ಡ್ ಗೆಳೆಯ ಪೆನ್ಸಿಲ್ ತಗೊಂಡು ಕೂತ. ಅವನು ಸುಮ್ನೆ ಗೊಣಗುವವನಲ್ಲ, ಲೆಕ್ಕ ಇಟ್ಟು ಮಾತಾಡುತ್ತಾನೆ. ಲೆವೆಲ್ 5ರಲ್ಲಿ ಅವಳ 6ಕ್ಕೆ ಇನ್ನೂ 6 ಸೇರಿದರೆ 12, ಅವನ ಹತ್ತಿರ ಸಿದ್ಧ ಇರುವುದು 9. ಲೆವೆಲ್ 11ಕ್ಕೆ ಬಂದರೆ ಅವಳ 12ಕ್ಕೆ 10 ಸೇರಿ 22. ಅವನಿಗೆ ಇಂಟೆಲಿಜೆನ್ಸ್ 20 ಇದ್ದರೂ 16.

“ನನ್ನತ್ರ ರಿಚುವಲ್ ಇದೆ, ಒಪ್ತೀನಿ. ಆದ್ರೆ ಕಾಳಗದ ನಡುವೆ ರಿಚುವಲ್ ತಗೊಂಡು ಏನ್ ಮಾಡ್ಲಿ?” ಅಂದ.

ನ್ಯಾಯವಾದ ಪ್ರಶ್ನೆ. ಎರಡೆರಡರ ಬದಲು ಪ್ರತಿ ಮಂತ್ರ-ಲೆವೆಲ್ಲಿಗೆ ಒಂದೊಂದು ಅಂತ ಇಟ್ಟು ನೋಡಿದೆವು. ಲೆವೆಲ್ 5ರಲ್ಲಿ 6ಕ್ಕೆ 3 ಸೇರಿ 9. ಅವನದ್ದೂ 9. ಲೆವೆಲ್ 11ರಲ್ಲಿ 17, ಅವನದ್ದು 16. ಅವನಿಗೆ ದಿನಾ ಬದಲಾಯಿಸುವ ಸ್ವಾತಂತ್ರ್ಯ, ರಿಚುವಲ್, ದಪ್ಪ ಪುಸ್ತಕ ಎಲ್ಲವೂ ಹಾಗೇ ಉಳಿಯುತ್ತದೆ. ಅವಳಿಗೆ ಮೆಟಾಮ್ಯಾಜಿಕ್ ಇದೆ. ಪೆನ್ಸಿಲ್ ಕೆಳಗಿಟ್ಟ.

ಯಾವ ಮಂತ್ರ ಅನ್ನುವುದರಲ್ಲಿ ನಾನು ಸ್ವಲ್ಪ ಹಟ ಮಾಡಿದೆ. ಅವಳು ತಾನಾಗಿ ಎಂದೂ ಆರಿಸದ ಮಂತ್ರವೇ ಆಗಿರಬೇಕು ಅಂದೆ. ಹೊಡೆಯುವ ಮಂತ್ರ ಒಂದೂ ಇರಬಾರದು. ಡ್ರ್ಯಾಗನ್ ಅಂದರೆ ಬರೀ ಬೆಂಕಿಯೇ? ಗದರಿದರೆ ಎದುರಿನವರು ನಡುಗಬೇಕು, ಎಲ್ಲೋ ಇಟ್ಟ ಚಿನ್ನದ ವಾಸನೆ ಹಿಡಿಯಬೇಕು, ನೂರಾರು ವರ್ಷದ ಹಳೇ ವಿಷಯ ನೆನಪಿರಬೇಕು. ಹಾಗೆ ಯೋಚಿಸಿ ಒಂದನೇ ಲೆವೆಲ್ಲಿಗೆ ಕಮಾಂಡ್, ಎರಡಕ್ಕೆ ಲೊಕೇಟ್ ಆಬ್ಜೆಕ್ಟ್, ಮೂರಕ್ಕೆ ಫಿಯರ್, ನಾಲ್ಕಕ್ಕೆ ಲೊಕೇಟ್ ಕ್ರೀಚರ್, ಐದಕ್ಕೆ ಲೆಜೆಂಡ್ ಲೋರ್ ಇಟ್ಟೆ. ಇವುಗಳಲ್ಲಿ ಫಿಯರ್ ಬಿಟ್ಟರೆ ಉಳಿದದ್ದು 2014ರ ಸಾರ್ಸರರ್ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಐಡೆಂಟಿಫೈ ಕೂಡ ಡ್ರ್ಯಾಗನ್‌ಗೆ ಚೆನ್ನಾಗಿ ಒಪ್ಪುತ್ತಿತ್ತು. ಆದರೆ ಸಿಕ್ಕ ಉಂಗುರ, ಕೋಲುಗಳನ್ನು ಪರೀಕ್ಷೆ ಮಾಡುವುದು ವಿಝರ್ಡ್ ಗೆಳೆಯನಿಗೆ ಪ್ರಾಣ. ಅದನ್ನು ಮುಟ್ಟಲು ಹೋಗಲಿಲ್ಲ. ಒಬ್ಬರಿಗೆ ಕೊಡುವ ಭರದಲ್ಲಿ ಇನ್ನೊಬ್ಬರ ಕೆಲಸ ಕಿತ್ತುಕೊಂಡರೆ ಗಲಾಟೆ ಕುರ್ಚಿ ಬದಲಾಯಿಸುತ್ತದೆ ಅಷ್ಟೇ.

ಪಾಯಿಂಟ್‌ಗಳ ವಿಷಯ. ಫೈಟರ್‌ಗೆ ಆ್ಯಕ್ಷನ್ ಸರ್ಜ್ (ಸರದಿಯಲ್ಲಿ ಇನ್ನೊಂದು ಆ್ಯಕ್ಷನ್ ಕೊಡುವ ಶಕ್ತಿ) ಶಾರ್ಟ್ ರೆಸ್ಟ್‌ನಲ್ಲಿ ವಾಪಸ್ ಬರುತ್ತದೆ, ವಿಝರ್ಡ್‌ದು ಆಗಲೇ ಹೇಳಿದೆ. 2014ರ ಸಾರ್ಸರರ್‌ಗೆ ಶಾರ್ಟ್ ರೆಸ್ಟ್‌ನಲ್ಲಿ ಪಾಯಿಂಟ್ ವಾಪಸ್ ಬರುವುದು ಲೆವೆಲ್ 20ರಲ್ಲಿ, ಅದೂ 4 ಪಾಯಿಂಟ್. ಲೆವೆಲ್ 20 ಮುಟ್ಟುವ ಹೊತ್ತಿಗೆ ಆಟವೇ ಮುಗಿದಿರುತ್ತದೆ ಅಲ್ವಾ? ಹಾಗಾಗಿ ಲೆವೆಲ್ ಜೊತೆ ಏರುವ ಪ್ರೊಫಿಶಿಯನ್ಸಿ ಬೋನಸ್‌ನಷ್ಟು ಪಾಯಿಂಟ್ ಶಾರ್ಟ್ ರೆಸ್ಟ್‌ನಲ್ಲಿ ವಾಪಸ್ ಅಂತ ಮಾಡಿದೆ. ಲೆವೆಲ್ 5ರಲ್ಲಿ 3. ದಿನಕ್ಕೆ ಒಟ್ಟು 8. ಒಂದು ರಾತ್ರಿಯ ನಿದ್ದೆಯಷ್ಟು ಉದ್ದದ ಲಾಂಗ್ ರೆಸ್ಟ್‌ಗೆ ಒಮ್ಮೆ ಮಾತ್ರ ಅನ್ನುವ ಕಟ್ಟು ಮೊದಲೇ ಹಾಕಿದೆ. ಆಟ ಬಲ್ಲವರಿಗೆ ಕಾಫಿಲಾಕ್ ಅನ್ನುವ ಕಿತಾಪತಿ ಗೊತ್ತಿರುತ್ತದೆ. ವಾರ್ಲಾಕ್ (ಶಾರ್ಟ್ ರೆಸ್ಟ್‌ನಲ್ಲೇ ಸ್ಲಾಟ್ ವಾಪಸ್ ಸಿಗುವ ಇನ್ನೊಂದು ಕ್ಲಾಸ್) ಮತ್ತು ಸಾರ್ಸರರ್ ಎರಡನ್ನೂ ಸೇರಿಸಿಕೊಂಡು, ನಿದ್ದೆಯನ್ನೇ ಮಾಡದೆ ಶಾರ್ಟ್ ರೆಸ್ಟ್ ಮೇಲೆ ಶಾರ್ಟ್ ರೆಸ್ಟ್ ತಗೊಂಡು, ವಾರ್ಲಾಕ್‌ನ ಸ್ಲಾಟ್ ಒಡೆದು ಪಾಯಿಂಟ್, ಪಾಯಿಂಟ್‌ನಿಂದ ಹೊಸ ಸ್ಲಾಟ್ ಅಂತ ಕೊನೆಯಿಲ್ಲದೆ ಗುಡ್ಡೆ ಹಾಕುವುದು. ಪ್ರತಿ ಶಾರ್ಟ್ ರೆಸ್ಟ್‌ಗೂ ಪಾಯಿಂಟ್ ಕೊಟ್ಟರೆ ವಾರ್ಲಾಕ್ ಇಲ್ಲದೆಯೇ ಆ ಕಾರ್ಖಾನೆ ಶುರುವಾಗುತ್ತದೆ.

ಕೊನೆಗೆ ಮೆಟಾಮ್ಯಾಜಿಕ್. ಲೆವೆಲ್ 3ರಲ್ಲಿ ಎರಡು ಆಯ್ಕೆ, ಮುಂದಿನದ್ದು ಲೆವೆಲ್ 10ಕ್ಕೆ. ಎರಡೇ ಅಂದಾಗ ಎಲ್ಲರೂ ಟ್ವಿನ್ಡ್, ಕ್ವಿಕನ್ಡ್ ತಗೊಳ್ಳುತ್ತಾರೆ. ತಪ್ಪೇನಿಲ್ಲ. ಆದರೆ ಸಟಲ್, ಕೇರ್‌ಫುಲ್, ಡಿಸ್ಟೆಂಟ್, ಎಕ್ಸ್‌ಟೆಂಡೆಡ್ ಇವೆಲ್ಲ 1 ಪಾಯಿಂಟ್‌ನ ಸಣ್ಣ ಆಟಗಳು ಪುಸ್ತಕದಲ್ಲೇ ಉಳಿದುಬಿಡುತ್ತವೆ. ಈ ನಾಲ್ಕರಲ್ಲಿ ಒಂದನ್ನು ಲೆವೆಲ್ 5ರಲ್ಲಿ ಹೆಚ್ಚುವರಿಯಾಗಿ ಕೊಟ್ಟೆ. ಅವಳು ಸಟಲ್ ತಗೊಂಡಳು. ಮಂತ್ರ ಹೇಳುವ ಬಾಯಿ, ಆಡಿಸುವ ಕೈ ಎರಡೂ ಬೇಡ.

ಅದರ ಬೆಲೆ ಗೊತ್ತಾದದ್ದು ಪಾರ್ಟಿ ಜೈಲು ಸೇರಿದಾಗ. ಎಲ್ಲರ ಬಾಯಿಗೂ ಬಟ್ಟೆ, ಕೈ ಹಿಂದಕ್ಕೆ ಕಟ್ಟಿದ್ದಾರೆ. ವಿಝರ್ಡ್‌ಗೆ ಒಂಬತ್ತು ಮಂತ್ರ ಸಿದ್ಧ ಇದ್ದರೂ ಒಂದನ್ನೂ ಹಾಕುವ ಹಾಗಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. ಅವಳು ಕೇಳಿದಳು: “ಕಂಬಿ ಆಚೆ ಎಷ್ಟು ದೂರ ಕಾಣುತ್ತೆ?” ಇಪ್ಪತ್ತು ಅಡಿ, ಅಲ್ಲಿ ಕಾವಲುಗಾರ ಕುರ್ಚಿಯಲ್ಲಿ ತೂಕಡಿಸುತ್ತಿದ್ದಾನೆ ಅಂದೆ. “ಮಿಸ್ಟಿ ಸ್ಟೆಪ್ ಮೂವತ್ತು ಅಡಿ. ಅದಕ್ಕೆ ಬಾಯಿ ಒಂದೇ ಬೇಕು. ಸಟಲ್ ಹಾಕ್ತೀನಿ, ಒಂದು ಪಾಯಿಂಟ್.” ಸದ್ದಿಲ್ಲದೆ ಕಂಬಿ ಆಚೆ ನಿಂತಳು. ಮೈಮೇಲಿನದ್ದೆಲ್ಲ ಜೊತೆಗೇ ಬರುತ್ತದೆ ಅಂತ ನಾನು ತೀರ್ಪು ಕೊಟ್ಟೆ, ಹಾಗಾಗಿ ಹಗ್ಗವೂ ಬಂತು, ಬಾಯಿಯ ಬಟ್ಟೆಯೂ ಬಂತು. ಕೈ ಹಿಂದಕ್ಕೆ ಕಟ್ಟಿಕೊಂಡೇ ಕಾವಲುಗಾರನಿಗೆ ಬೆನ್ನು ತಿರುಗಿಸಿ, ಅವನ ಸೊಂಟದ ಬೀಗದ ಕೈಯನ್ನು ಬೆರಳಲ್ಲಿ ತಡಕಾಡಿ ತೆಗೆಯಬೇಕು. ಡಿ20 ಉರುಳಿಸಿದಳು, 17. ಟೇಬಲ್ಲಿನಲ್ಲಿ ಎಲ್ಲರೂ ಎದ್ದು ನಿಂತಿದ್ದರು. ಫೈರ್‌ಬಾಲ್ ಹಾಕಿದಾಗ ಯಾರೂ ಹೀಗೆ ಎದ್ದು ನಿಂತದ್ದಿಲ್ಲ.

ಕೆಲವನ್ನು ಬೇಕೆಂದೇ ಮುಟ್ಟಲಿಲ್ಲ. ಹಿಟ್ ಡೈ (ಪ್ರಾಣದ ಲೆಕ್ಕಕ್ಕೆ ಉರುಳಿಸುವ ದಾಳ) ಡಿ6 ಹಾಗೇ ಇದೆ. ಡ್ರ್ಯಾಗನ್ ವಂಶಕ್ಕೆ ಲೆವೆಲ್ಲಿಗೊಂದು ಹಿಟ್ ಪಾಯಿಂಟ್ ಮತ್ತು ಚಿಪ್ಪಿನ ರಕ್ಷಣೆ ಹೇಗಿದ್ದರೂ ಸಿಗುತ್ತದೆ. ಟ್ವಿನ್ ಮಾಡಿದ ಹೇಸ್ಟ್ ತುಂಬಾ ಜೋರು ಅಂತ ಕೆಲವರ ದೂರು. ಜೋರು ನಿಜ, ಅಪಾಯವೂ ಅಷ್ಟೇ ಇದೆ. ಅವಳಿಗೆ ಒಂದು ಬಾಣ ಬಿದ್ದು ಮಂತ್ರವನ್ನು ಹಿಡಿದಿಡುವ ಕಾನ್ಸಂಟ್ರೇಷನ್ ಮುರಿದರೆ ಫೈಟರ್, ರೋಗ್ ಇಬ್ಬರೂ ಒಂದು ಸರದಿ ಕೈಕಟ್ಟಿ ನಿಲ್ಲಬೇಕು. ಆ ಜೂಜು ನಮ್ಮ ಟೇಬಲ್ಲಿಗೆ ಇಷ್ಟ, ಇರಲಿ ಅಂತ ಬಿಟ್ಟೆ.

2024ರ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ ಬಂದಾಗ ಮೊದಲು ತೆರೆದದ್ದೇ ಸಾರ್ಸರರ್ ಪುಟ. ಲೆವೆಲ್ 5ರಲ್ಲಿ 9 ಮಂತ್ರ, ವಿಝರ್ಡ್‌ಗೂ 9. ಲೆವೆಲ್ 11ರಲ್ಲಿ ಇಬ್ಬರಿಗೂ 16. ಅದರ ಮೇಲೆ ವಂಶದ ಮಂತ್ರಗಳು ಬೇರೆ, ಡ್ರ್ಯಾಗನ್ ವಂಶದ ಪಟ್ಟಿಯಲ್ಲಿ ಕಮಾಂಡ್ ಕೂಡ ಇದೆ. ಲೆವೆಲ್ 5ರಿಂದಲೇ ಶಾರ್ಟ್ ರೆಸ್ಟ್‌ನಲ್ಲಿ ಲೆವೆಲ್ಲಿನ ಅರ್ಧದಷ್ಟು ಪಾಯಿಂಟ್ ವಾಪಸ್, ಅದೂ ಲಾಂಗ್ ರೆಸ್ಟ್‌ಗೆ ಒಮ್ಮೆಯೇ. ಓದುತ್ತಾ ನನಗೆ ಖುಷಿಯಾಯಿತು ಅಂತ ಬೇರೆ ಹೇಳಬೇಕಿಲ್ಲ. ಇನ್ನೇಟ್ ಸಾರ್ಸರಿ ಮಾತ್ರ ನನಗೆ ಹೊಳೆದೇ ಇರಲಿಲ್ಲ. ಬೋನಸ್ ಆ್ಯಕ್ಷನ್‌ನಲ್ಲಿ ಒಂದು ನಿಮಿಷ ಮೈಯಲ್ಲಿ ಶಕ್ತಿ ಉಕ್ಕುತ್ತದೆ, ಎದುರಿನವರು ಮಂತ್ರದಿಂದ ತಪ್ಪಿಸಿಕೊಳ್ಳಲು ಉರುಳಿಸುವ ಸೇವ್ ಒಂದಂಕ ಕಷ್ಟವಾಗುತ್ತದೆ, ಮಂತ್ರದಿಂದ ಗುರಿಯಿಟ್ಟು ಹೊಡೆಯುವಾಗ ಸಾರ್ಸರರ್‌ಗೆ ಅಡ್ವಾಂಟೇಜ್ (ಎರಡು ಸಲ ಉರುಳಿಸಿ ಹೆಚ್ಚಿನದ್ದು ಇಟ್ಟುಕೊಳ್ಳುವುದು). ಚೆನ್ನಾಗಿದೆ, ಆದರೆ ಅದು ಹೊಡೆಯುವುದಕ್ಕೇ. ಟ್ವಿನ್ಡ್ ಅನ್ನು ಹೊಸ ಪುಸ್ತಕ ಪೂರ್ತಿ ಬದಲಾಯಿಸಿದೆ, ಹಳೆಯ ಜೋಡಿ ಹೇಸ್ಟ್ ಅಲ್ಲಿ ನಡೆಯುವುದಿಲ್ಲ. ಟೇಬಲ್ಲಿನಲ್ಲಿ ವೋಟು ಹಾಕಿದೆವು. ಈ ಕಥೆ ಮುಗಿಯುವವರೆಗೆ ನಮ್ಮದೇ ನಿಯಮ ಅಂತಾಯಿತು.

ಈಗ ಪಾರ್ಟಿಗೆ ಇನ್ನೊಬ್ಬ ಸೇರುತ್ತಿದ್ದಾನೆ. ಅವನಿಗೆ ವೈಲ್ಡ್ ಮ್ಯಾಜಿಕ್ ಸಾರ್ಸರರ್ ಬೇಕಂತೆ. ಅದರ ರೋಗವೇ ಬೇರೆ. 2014ರ ನಿಯಮದಲ್ಲಿ ಮಂತ್ರ ಹಾಕಿದ ಮೇಲೆ ಡಿಎಂ ಹೇಳಿದರೆ ಮಾತ್ರ ಡಿ20 ಉರುಳಿಸಬೇಕು, 1 ಬಿದ್ದರೆ ಮಾತ್ರ ಸರ್ಜ್, ಅಂದರೆ ಮಂತ್ರಶಕ್ತಿ ಕೈಮೀರಿ ಏನೋ ವಿಚಿತ್ರ ಆಗುವುದು. ಕುಂಡದ ಗಿಡವಾಗುವುದು, ಗರಿಗಳ ಗಡ್ಡ ಬೆಳೆಯುವುದು, ತನ್ನ ಮೇಲೆಯೇ ಫೈರ್‌ಬಾಲ್ ಬೀಳುವುದು ಎಲ್ಲ ಆ ಡಿ100 ಪಟ್ಟಿಯಲ್ಲಿದೆ. ಆದರೆ ಇಪ್ಪತ್ತರಲ್ಲಿ ಒಂದು ಸಲ, ಅದೂ ಡಿಎಂಗೆ ನೆನಪಿದ್ದರೆ! ಡಿಎಂ ಕೈಯಿಂದ ಅದನ್ನು ತೆಗೆದುಬಿಟ್ಟಿದ್ದೇನೆ. ಮಂತ್ರ ಹಾಕಿದಾಗಲೆಲ್ಲ ಅವನೇ ಉರುಳಿಸಬೇಕು. ಸರ್ಜ್ ಆಗದಿದ್ದರೆ ಮುಂದಿನ ಸಲ 1 ಅಥವಾ 2, ಅದರ ಮುಂದಿನ ಸಲ 3ರವರೆಗೆ, ಹೀಗೆ ಏರುತ್ತಾ ಹೋಗಿ ಸರ್ಜ್ ಆದ ಮೇಲೆ ಮತ್ತೆ 1ಕ್ಕೆ ಇಳಿಯುತ್ತದೆ. ಮೂರನೇ ಲೆವೆಲ್ಲಿನ ಪಾತ್ರಕ್ಕೆ ತನ್ನ ಮೇಲೆಯೇ ಫೈರ್‌ಬಾಲ್ ಬಿದ್ದರೆ ಅಕ್ಕಪಕ್ಕದವರೂ ಹೋಗುತ್ತಾರೆ ಅಂತ ಕ್ಲೆರಿಕ್ ಆಡುವವಳು ಆಗಲೇ ತಕರಾರು ತೆಗೆದಿದ್ದಾಳೆ. ಅವನ ಪಕ್ಕ ನಿಲ್ಲುವುದಿಲ್ಲವಂತೆ.